ಕರಾನಾ ದ್ವೀಪದಲ್ಲಿ ಮಾಡಿದ ತಪ್ಪುಗಳು

(ಜುಲೈ ತಿಂಗಳ ಒಂದು ಸಂಜೆ ಉಡುಪಿಯ ಅಜ್ಜರಕಾಡಿನ ಸಣ್ಣ ಸಭಾಂಗಣವೊಂದರಲ್ಲಿ, ಬೇರೆ ಬೇರೆ ದೇಶಗಳ ಸೈನಿಕರಿಗೆ ಆನ್‌ಲೈನಿನಲ್ಲಿ ಒಟ್ಟಿಗೆ ಕೊಡುವ ತರಬೇತಿಯ ಬಗ್ಗೆ ಮಾಡಿದ ಉಪನ್ಯಾಸ. ನಡುವೆ ಎರಡು ಸಲ ಕರೆಂಟ್ ಹೋಗಿತ್ತು, ಮಳೆಯ ಸದ್ದಿಗೆ ಹಿಂದಿನ ಸಾಲಿನವರಿಗೆ ಅರ್ಧ ಮಾತು ಕೇಳಿಸಿರಲಿಲ್ಲ. ಅವರ ಒತ್ತಾಯಕ್ಕೆ ಬರೆದುಕೊಟ್ಟಿದ್ದೇನೆ. ಮಾತಿನಲ್ಲಿ ತಪ್ಪಿಹೋದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಮಲ್ಪೆಯ ಧಕ್ಕೆಯಲ್ಲಿ ಬೋಟು ಹತ್ತಿ, ನೈರುತ್ಯಕ್ಕೆ ಮೂತಿ ತಿರುಗಿಸಿ, ಲಕ್ಷದ್ವೀಪ ದಾಟಿ, ಮಾಲ್ಡೀವ್ಸನ್ನು ಎಡಕ್ಕೆ ಬಿಟ್ಟು ಹೋಗುತ್ತಲೇ ಇದ್ದರೆ ಆಫ್ರಿಕಾದ ಪೂರ್ವ ಕರಾವಳಿ ಮುಟ್ಟುವ ಮೊದಲು ಕಿಸಿವಾ ಎಂಬ ದೊಡ್ಡ ದ್ವೀಪವೊಂದು ಸಿಗಬೇಕು. ಆ ದ್ವೀಪದಲ್ಲಿ ಕರಾನಾ ಎಂಬ ದೇಶವಿದೆ. ಅದರ ರಾಜಧಾನಿ ಗಲಾಸಿ. ಫಾಲಿನ್, ತಾತ್ಸಿ, ಕೋರಿ ಎಂಬ ಮೂರು ಸಮುದಾಯಗಳು ಅಲ್ಲಿ ಒಂದರ ಮೇಲೊಂದು ಹಲ್ಲು ಮಸೆಯುತ್ತ ಬದುಕುತ್ತಿವೆ. ಬಂಡುಕೋರರಿದ್ದಾರೆ, ನಿರಾಶ್ರಿತರ ಶಿಬಿರಗಳಿವೆ, ಸಹಿಯಾದ ಮರುದಿನವೇ ಮುರಿದುಬೀಳುವ ಶಾಂತಿ ಒಪ್ಪಂದವೂ ಇದೆ.

ಕೋರಿ ಎಂದ ಕೂಡಲೇ ನೀವು ನಕ್ಕಿರಿ. ನಾನೂ ನಕ್ಕಿದ್ದೆ. ‘ಕೋರಿ ಜನರಿಗೆ ಹೇಗೆ ರಕ್ಷಣೆ ಕೊಡುತ್ತೀರಿ?’ ಎಂಬ ಪ್ರಶ್ನೆ ಕಂಪ್ಯೂಟರಿನ ಪರದೆಯ ಮೇಲೆ ಬಂದಾಗ ಐದು ದೇಶಗಳ ಅಧಿಕಾರಿಗಳಿದ್ದ ಆ ಗುಂಪಿನಲ್ಲಿ ನಕ್ಕವಳು ನಾನೊಬ್ಬಳೇ. ಯಾಕೆ ನಗು ಎಂದು ಬಾಂಗ್ಲಾದೇಶದ ಮೇಜರ್ ಒಬ್ಬರು ಗಂಭೀರವಾಗಿ ಕೇಳಿದರು. ತುಳುವಿನಲ್ಲಿ ಕೋರಿ ಎಂದರೆ ಕೋಳಿ, ನಮ್ಮೂರಿನಲ್ಲಿ ಅದಕ್ಕೆ ರಕ್ಷಣೆ ಸಿಗುವುದು ಕಡಿಮೆ, ರೊಟ್ಟಿ ಮಾತ್ರ ಸಿಗುತ್ತದೆ ಎಂದು ವಿವರಿಸಲು ಐದು ನಿಮಿಷ ಹಿಡಿಯಿತು. ಆಮೇಲೆ ಎಲ್ಲರೂ ನಕ್ಕರು. ಆ ಐದು ನಿಮಿಷ ವ್ಯರ್ಥವಾಗಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಬೋಟು ಹತ್ತಿ ನಿಜವಾಗಿ ಹೋದರೆ ನಿಮಗೆ ಸಿಗುವುದು ನೀರು ಮಾತ್ರ. ಕರಾನಾ ಶಾಂತಿಪಾಲನಾ ತರಬೇತಿಗಾಗಿ ಕಟ್ಟಿದ ಕಲ್ಪಿತ ದೇಶ. ಭೂಪಟವಿದೆ, ಇತಿಹಾಸವಿದೆ, ನೆರೆಹೊರೆಯ ದೇಶಗಳಿವೆ, ಜಗಳಗಳಿವೆ, ನೆಲ ಮಾತ್ರ ಇಲ್ಲ. ಬೇರೆ ಬೇರೆ ದೇಶಗಳ ಸೈನಿಕರು, ಪೊಲೀಸರು, ನಾಗರಿಕ ಸಿಬ್ಬಂದಿ ಒಟ್ಟಾಗಿ ಕುಳಿತು ಅಲ್ಲಿ ತಪ್ಪು ಮಾಡಿ ಕಲಿಯುತ್ತಾರೆ. ನಿಜವಾದ ದೇಶದ ಹೆಸರು ಹಿಡಿದರೆ ಯಾರಿಗಾದರೂ ನೋವಾಗುತ್ತದೆ, ಇಲ್ಲದ ದೇಶಕ್ಕೆ ರಾಯಭಾರಿ ಇರುವುದಿಲ್ಲವಲ್ಲ.

ನಾನು ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಹದಿನಾಲ್ಕು ವರ್ಷ ಇದ್ದೆ. ಅದರಲ್ಲಿ ಒಂದು ವರ್ಷ ಕಾಂಗೋದ ಗೋಮಾದಲ್ಲಿ, ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು. ರಾತ್ರಿ ಹೊತ್ತು ನ್ಯೀರಾಗೊಂಗೊ ಜ್ವಾಲಾಮುಖಿಯ ಬಾಯಿ ಕೆಂಪಗೆ ಕಾಣುವ ಊರು ಅದು. ನಿವೃತ್ತಿಯ ಬಳಿಕ ಬ್ರಹ್ಮಾವರದ ಮನೆಯಲ್ಲಿ ಕುಳಿತೇ ಕೆಲವು ವರ್ಷ ಆನ್‌ಲೈನ್ ತರಬೇತಿಗಳಲ್ಲಿ ಮಾರ್ಗದರ್ಶಕಿಯಾಗಿದ್ದೆ. ಬಂದೂಕಿನ ಕಥೆ ಕೇಳಲು ಬಂದವರಿಗೆ ನಿರಾಸೆಯಾಗುತ್ತದೆ, ಕ್ಷಮಿಸಿ. ನನ್ನ ಕಥೆಯೆಲ್ಲ ಮಾತಿನದು.

ಮೊದಲ ಕಥೆ ಒಂದು ಸೇತುವೆಯದು. ಗಲಾಸಿಯಿಂದ ನಿರಾಶ್ರಿತರ ಶಿಬಿರಕ್ಕೆ ಹನ್ನೊಂದು ಲಾರಿ ಅಕ್ಕಿ ಹೋಗಬೇಕು. ದಾರಿಯಲ್ಲಿ ಹಳೆಯ ಸೇತುವೆ. ಗುಂಪಿನಲ್ಲಿದ್ದ ಉರುಗ್ವೆಯ ಅಧಿಕಾರಿ ಚಾಟ್ ಪೆಟ್ಟಿಗೆಯಲ್ಲಿ ಬರೆದರು: ಸೇತುವೆ ಲಾರಿಗಳ ಭಾರ ತಾಳುತ್ತದೆಯೇ ನೋಡಿ ತಿಳಿಸಿ. ನಮ್ಮ ಕಡೆಯ ಕ್ಯಾಪ್ಟನ್, ಹಾಸನದ ಹುಡುಗ, ತಕ್ಷಣ ಉತ್ತರ ಹಾಕಿದ: ‘ಡನ್’. ಉರುಗ್ವೆಯವರು ಸೇತುವೆಯ ಮುಂದೆ ಹಸಿರು ಗುರುತು ಹಾಕಿ ಲಾರಿಗಳನ್ನು ಹೊರಡಿಸಿದರು. ತರಬೇತಿ ನಡೆಸುತ್ತಿದ್ದವರು ಸೇತುವೆಯನ್ನು ಬೀಳಿಸಿದರು. ಹನ್ನೊಂದು ಲಾರಿಯ ಅಕ್ಕಿ ಹೊಳೆಯ ಪಾಲಾಯಿತು. ಒಬ್ಬರೂ ಸಾಯಲಿಲ್ಲ, ಏಕೆಂದರೆ ಲಾರಿಯಲ್ಲಿ ಒಬ್ಬರೂ ಇರಲಿಲ್ಲ, ಲಾರಿಯೂ ಇರಲಿಲ್ಲ.

ಹುಡುಗ ಸುಳ್ಳು ಹೇಳಿದನೇ? ಇಲ್ಲ. ಅವನು ಕನ್ನಡದಲ್ಲಿ ‘ಆಯಿತು’ ಎಂದಿದ್ದ, ಇಂಗ್ಲಿಷಿನಲ್ಲಿ ಬರೆದಿದ್ದ, ಅಷ್ಟೆ. ನಮ್ಮ ‘ಆಯಿತು’ವಿನ ಚಮತ್ಕಾರ ನೋಡಿ. ‘ಊಟ ಆಯಿತೇ?’ ಎಂದರೆ ‘ಆಯಿತು’, ಅದು ಮುಗಿದ ಕೆಲಸ. ‘ನಾಳೆ ಬೆಳಿಗ್ಗೆ ಬಾ’ ಎಂದರೂ ‘ಆಯಿತು’, ಅದು ಇನ್ನೂ ಶುರುವಾಗದ ಕೆಲಸ. ಒಂದೇ ಶಬ್ದ, ಒಂದು ಭೂತಕಾಲ, ಇನ್ನೊಂದು ಭವಿಷ್ಯ. ಕನ್ನಡಿಗರಿಗೆ ಇದರಲ್ಲಿ ಗೊಂದಲವೇ ಆಗುವುದಿಲ್ಲ. ಧ್ವನಿಯಿಂದ, ಮುಖದಿಂದ, ಹಿಂದುಮುಂದಿನ ಮಾತಿನಿಂದ ತಿಳಿದುಬಿಡುತ್ತದೆ. ಚಾಟ್ ಪೆಟ್ಟಿಗೆಗೆ ಮುಖವಿಲ್ಲ. ‘ನೋಡುತ್ತೇನೆ’ ಎಂದು ಅವನು ಹೇಳಿದ್ದು ‘ನೋಡಿದ್ದೇನೆ’ ಎಂದು ಮುಟ್ಟಿತು.

ಇದಕ್ಕೆ ಔಷಧ ಸೈನ್ಯದಲ್ಲಿ ಹಳೆಯ ಕಾಲದಿಂದ ಇದೆ ಎಂಬುದೇ ತಮಾಷೆ. ವೈರ್‌ಲೆಸ್ಸಿನಲ್ಲಿ ‘ರೋಜರ್’ ಎಂದರೆ ನಿಮ್ಮ ಮಾತು ಮುಟ್ಟಿತು ಎಂದಷ್ಟೇ ಅರ್ಥ. ಒಪ್ಪಿದೆ ಎಂದಲ್ಲ, ಮಾಡುತ್ತೇನೆ ಎಂದೂ ಅಲ್ಲ. ಮಾಡುತ್ತೇನೆ ಎನ್ನಲು ‘ವಿಲ್ಕೋ’ ಎಂಬ ಬೇರೆ ಶಬ್ದವಿದೆ. ಮುಟ್ಟಿತು ಎಂಬರ್ಥದ ‘ರಿಸೀವ್ಡ್’ನ ಮೊದಲ ಅಕ್ಷರ ಆರ್, ವೈರ್‌ಲೆಸ್ಸಿನ ಹಳೆಯ ಅಕ್ಷರಮಾಲೆಯಲ್ಲಿ ಅದಕ್ಕೆ ರೋಜರ್ ಎನ್ನುತ್ತಿದ್ದರು. 1956ರಲ್ಲಿ ಆಲ್ಫಾ ಬ್ರಾವೊ ಮಾಲೆ ಬಂದು ಆರ್ ಅಕ್ಷರ ರೋಮಿಯೊ ಆಯಿತು, ರೋಜರ್ ಮಾತ್ರ ಹಾಗೆಯೇ ಉಳಿಯಿತು. ಸರಿಯಾಗಿ ಕೇಳಿಸದಿದ್ದರೆ ‘ಸೇ ಅಗೇನ್’ ಎನ್ನಬೇಕು. ‘ರಿಪೀಟ್’ ಎನ್ನಬಾರದು. ಫಿರಂಗಿ ದಳದವರ ಭಾಷೆಯಲ್ಲಿ ರಿಪೀಟ್ ಎಂದರೆ ಅದೇ ಗುರಿಗೆ ಇನ್ನೊಮ್ಮೆ ಗುಂಡು ಹಾರಿಸಿ ಎಂಬ ಆದೇಶ. ‘ಏನಂದಿರಿ?’ ಎಂದು ಕೇಳಿದ್ದಕ್ಕೆ ಊರು ಹಾರಿಹೋಗಬಾರದಲ್ಲ! ಸಿನೆಮಾಗಳಲ್ಲಿ ನಾಯಕ ಗತ್ತಿನಿಂದ ಹೇಳುವ ‘ಓವರ್ ಅಂಡ್ ಔಟ್’ ನಿಜವಾದ ವೈರ್‌ಲೆಸ್ಸಿನಲ್ಲಿ ಇಲ್ಲ. ಓವರ್ ಎಂದರೆ ನಿಮ್ಮ ಉತ್ತರಕ್ಕೆ ಕಾಯುತ್ತೇನೆ, ಔಟ್ ಎಂದರೆ ಮಾತು ಮುಗಿಯಿತು. ಎರಡನ್ನೂ ಒಟ್ಟಿಗೆ ಹೇಳುವುದೆಂದರೆ ಅತಿಥಿಯನ್ನು ಕರೆದು ಬಾಗಿಲು ಹಾಕಿಕೊಂಡಂತೆ.

ಆ ಹಾಸನದ ಹುಡುಗ ವೈರ್‌ಲೆಸ್ ಕೈಯಲ್ಲಿ ಹಿಡಿದಿದ್ದರೆ ಎಂದಿಗೂ ‘ಡನ್’ ಎನ್ನುತ್ತಿರಲಿಲ್ಲ, ವಿಲ್ಕೋ ಎನ್ನುತ್ತಿದ್ದ. ಕೀಲಿಮಣೆಯ ಮುಂದೆ ಕುಳಿತಾಗ ಅವನಿಗೆ ಅದು ವೈರ್‌ಲೆಸ್ ಎಂದು ಅನ್ನಿಸಲಿಲ್ಲ, ಗೆಳೆಯರ ವಾಟ್ಸ್ಆ್ಯಪ್ ಎಂದು ಅನ್ನಿಸಿತು. ಉಪಕರಣ ಬದಲಾದಾಗ ಶಿಸ್ತು ಹಳೆಯ ಉಪಕರಣದಲ್ಲೇ ಉಳಿದುಬಿಡುತ್ತದೆ. ಈಗಿನ ಸೇನೆಗಳಲ್ಲಿ ಚಾಟ್ ನಿತ್ಯದ ಉಪಕರಣ. ಆನ್‌ಲೈನ್ ತರಬೇತಿ ಅದನ್ನು ಕಲಿಸುವ ಜಾಗವೂ ಹೌದು, ಅದರ ಅಪಾಯ ಮೊದಲು ಬಯಲಾಗುವ ಜಾಗವೂ ಹೌದು.

ಭಾಷೆ ಬೇರೆಯಾದ್ದರಿಂದ ಹೀಗಾಯಿತು, ಎಲ್ಲರಿಗೂ ಒಳ್ಳೆಯ ಇಂಗ್ಲಿಷ್ ಕಲಿಸಿದರೆ ಸರಿಹೋಗುತ್ತದೆ ಎಂದು ನೀವು ಹೇಳಬಹುದು. 1951ರ ಏಪ್ರಿಲಿನಲ್ಲಿ ಕೊರಿಯಾದ ಇಮ್ಜಿನ್ ನದಿಯ ದಂಡೆಯಲ್ಲಿ ಎರಡೂ ಕಡೆ ಇಂಗ್ಲಿಷೇ ಇತ್ತು. ಬ್ರಿಟಿಷ್ ಬ್ರಿಗೇಡೊಂದು ಅಮೆರಿಕದ ಡಿವಿಷನ್ನಿನ ಅಧೀನದಲ್ಲಿತ್ತು. ಚೀನೀ ಪಡೆಗಳು ಅಲೆಯಲೆಯಾಗಿ ಬಂದು ಗ್ಲೌಸ್ಟರ್‌ಶೈರ್ ರೆಜಿಮೆಂಟಿನ ಬೆಟಾಲಿಯನ್ನನ್ನು ಸುತ್ತುವರಿದಿದ್ದವು. ಪರಿಸ್ಥಿತಿ ಹೇಗಿದೆ ಎಂದು ಅಮೆರಿಕದ ಜನರಲ್ ವಿಚಾರಿಸಿದಾಗ ಬ್ರಿಟಿಷ್ ಬ್ರಿಗೇಡಿಯರ್ ತಮ್ಮವರ ಶೈಲಿಯಲ್ಲಿ, ಅಲ್ಲಿ ಸ್ವಲ್ಪ ಅಂಟಂಟಾಗಿದೆ ಎಂಬ ಅರ್ಥದ ಮಾತು ಹೇಳಿದರಂತೆ. ಬ್ರಿಟಿಷರ ಬಾಯಲ್ಲಿ ಅದು ಪ್ರಾಣಸಂಕಟದ ಸೂಚನೆ. ಅಮೆರಿಕದವರು ‘ಕಷ್ಟವಿದೆ, ಆದರೆ ನಿಭಾಯಿಸುತ್ತಿದ್ದಾರೆ’ ಎಂದುಕೊಂಡರು. ಬೆಟಾಲಿಯನ್ನಿನ ಬಹುಪಾಲು ಜನ ಸತ್ತರು ಅಥವಾ ಸೆರೆಯಾದರು. ಆ ಸೋಲಿಗೆ ಒಂದು ವಾಕ್ಯವೇ ಕಾರಣ ಎಂದು ನಾನು ಹೇಳುವುದಿಲ್ಲ, ಅಷ್ಟು ಸರಳವಾಗಿ ಯುದ್ಧ ನಡೆಯುವುದಿಲ್ಲ. ಆದರೆ ನಮ್ಮ ಕರಾವಳಿಯವರಿಗೆ ಆ ಬ್ರಿಗೇಡಿಯರ್ ಚೆನ್ನಾಗಿ ಅರ್ಥವಾಗಬೇಕು. ನಮ್ಮ ಅಜ್ಜಿಯಂದಿರು ಆಂಬುಲೆನ್ಸಿನಲ್ಲಿ ಮಲಗಿಕೊಂಡೂ ‘ಏನಿಲ್ಲ, ಸ್ವಲ್ಪ ಸುಸ್ತು’ ಎನ್ನುವವರು. ಬೇರೆ ಭಾಷೆಯವರ ಜೊತೆ ಮಾತನಾಡುವಾಗ ನಾವು ಎಚ್ಚರದಿಂದ ಇರುತ್ತೇವೆ. ಒಂದೇ ಭಾಷೆ ಎಂದುಕೊಂಡಾಗ ಮರುಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತೇವೆ.

ಒಂದೇ ದೇಶದ ಎರಡು ಪಡೆಗಳೂ ಇದಕ್ಕೆ ಹೊರತಲ್ಲ. 1994ರ ಏಪ್ರಿಲ್ 14. ಉತ್ತರ ಇರಾಕಿನ ಹಾರಾಟ ನಿಷೇಧಿತ ವಲಯದಲ್ಲಿ ಅಮೆರಿಕದ ಎರಡು ಎಫ್-15 ಯುದ್ಧವಿಮಾನಗಳು ಅಮೆರಿಕದ್ದೇ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರುಗಳನ್ನು ಶತ್ರುಗಳದ್ದೆಂದು ತಿಳಿದು ಹೊಡೆದುರುಳಿಸಿದವು. 26 ಮಂದಿ ಸತ್ತರು. ಅವರಲ್ಲಿ ಬ್ರಿಟಿಷ್, ಫ್ರೆಂಚ್, ತುರ್ಕಿ ಅಧಿಕಾರಿಗಳೂ ಕುರ್ದ್ ಜನರೂ ಇದ್ದರು. ಬಾನಿನಲ್ಲಿ ಅವಾಕ್ಸ್ ಎಂಬ ಹಾರುವ ರಾಡಾರ್ ಕೇಂದ್ರ ಇತ್ತು, ಎರಡನ್ನೂ ನೋಡಿಕೊಳ್ಳುವುದೇ ಅದರ ಕೆಲಸ. ವಿಮಾನಗಳು ಒಂದು ತರಂಗಾಂತರದಲ್ಲಿ ಮಾತನಾಡುತ್ತಿದ್ದವು, ಹೆಲಿಕಾಪ್ಟರುಗಳು ಇನ್ನೊಂದರಲ್ಲಿ. ತಾನು ಮಿತ್ರ ಎಂದು ತಾನಾಗಿಯೇ ಸಾರುವ ಸಂಕೇತ ಯಂತ್ರದಲ್ಲಿ ಹೆಲಿಕಾಪ್ಟರಿನವರು ಹಾಕಿಕೊಂಡಿದ್ದು ವಲಯದ ಹೊರಗಿನ ಸಂಖ್ಯೆ. ವಾಯುಪಡೆ ಮತ್ತು ಭೂಸೇನೆ ಎರಡರಲ್ಲೂ ತರಬೇತಿಯಿಲ್ಲದವರು ಯಾರೂ ಇರಲಿಲ್ಲ. ಎಲ್ಲರೂ ಕಲಿತವರೇ, ತಮ್ಮ ತಮ್ಮ ಕೊಟ್ಟಿಗೆಯಲ್ಲಿ ಕಲಿತವರು.

ಬಹುರಾಷ್ಟ್ರೀಯ ಪಡೆಗಳಿಗೆ ಜಾಲದ ಮೂಲಕ ಒಟ್ಟಿಗೆ ತರಬೇತಿ ಕೊಡುವುದು ಎಂದರೆ ಈ ಕೊಟ್ಟಿಗೆಗಳ ಗೋಡೆಗೆ ಕಿಂಡಿ ಕೊರೆಯುವ ಕೆಲಸ. ಇದು ಶುರುವಾಗಿದ್ದು ಇಂಟರ್ನೆಟ್ ಮನೆಮನೆಗೆ ಬರುವ ಮೊದಲೇ. 1983ರ ಸುಮಾರಿಗೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಜ್ಯಾಕ್ ಥೋರ್ಪ್ ಎಂಬ ವಾಯುಪಡೆಯ ಅಧಿಕಾರಿಯ ಕಲ್ಪನೆಯಂತೆ ಸಿಮ್‌ನೆಟ್ ಎಂಬ ವ್ಯವಸ್ಥೆ ಕಟ್ಟತೊಡಗಿತು. ಟ್ಯಾಂಕಿನ ಒಳಭಾಗದಂತಹ ಪೆಟ್ಟಿಗೆಗಳು ಬೇರೆ ಬೇರೆ ನೆಲೆಗಳಲ್ಲಿ, ಕೆಲವು ಅಮೆರಿಕದಲ್ಲಿ, ಕೆಲವು ಜರ್ಮನಿಯಲ್ಲಿ. ಒಳಗೆ ಕುಳಿತವರಿಗೆ ಒಂದೇ ರಣರಂಗ ಕಾಣುತ್ತದೆ. ನನಗೆ ಇಷ್ಟವಾದದ್ದು ಅವರ ಜಿಪುಣತನ. ಪಾಠಕ್ಕೆ ಬೇಕಾದ ಗುಂಡಿಗಳನ್ನು ಮಾತ್ರ ನಿಜವಾಗಿ ಕೂರಿಸಿದರು, ಉಳಿದವು ಲೆಕ್ಕಕ್ಕಿದ್ದರೆ ಸಾಕು ಎಂದರು. ಯಕ್ಷಗಾನದ ರಂಗಸ್ಥಳದಲ್ಲಿ ಒಂದೇ ಒಂದು ರಥ ಇರುತ್ತದೆ, ಅದೇ ಸಿಂಹಾಸನ, ಅದೇ ಬೆಟ್ಟ. ನೋಡುವವರು ಎದ್ದುಹೋಗುವುದಿಲ್ಲ. ಅದೇ ತರ್ಕ ಇದು.

ಸಿಮ್‌ನೆಟ್ಟಿನಲ್ಲಿ ಇನ್ನೊಂದು ಉಪಾಯವಿತ್ತು. ದೂರದ ಟ್ಯಾಂಕು ಈ ಕ್ಷಣ ಎಲ್ಲಿದೆ ಎಂಬ ಸುದ್ದಿ ತಂತಿಯಲ್ಲಿ ಬರುವಷ್ಟರಲ್ಲಿ ಹಳತಾಗಿರುತ್ತದೆ. ಆದ್ದರಿಂದ ಪ್ರತಿ ಯಂತ್ರವೂ ಕೊನೆಯದಾಗಿ ತಿಳಿದ ದಿಕ್ಕು ಮತ್ತು ವೇಗ ಹಿಡಿದು ಉಳಿದವರು ಈಗ ಎಲ್ಲಿರಬಹುದೆಂದು ಅಂದಾಜು ಮಾಡುತ್ತಿರುತ್ತದೆ. ಅಂದಾಜು ತೀರಾ ತಪ್ಪಿದಾಗ ಮಾತ್ರ ತಿದ್ದುಪಡಿ ಬರುತ್ತದೆ. ದಡ ಕಾಣದಾಗ ಹಳೆಯ ಕಾಲದ ಹಡಗಿನವರು ದಾರಿ ಲೆಕ್ಕ ಹಾಕುತ್ತಿದ್ದ ಪದ್ಧತಿ ಇದು. ಒಳ್ಳೆಯ ಮದ್ದಳೆಗಾರನೂ ಇದನ್ನೇ ಮಾಡುತ್ತಾನೆ. ಭಾಗವತರು ಮುಂದಿನ ಸಾಲಿಗೆ ಎಲ್ಲಿ ಏರುತ್ತಾರೆ ಎಂದು ಮೊದಲೇ ಊಹಿಸಿ ಕೈ ಎತ್ತಿರುತ್ತಾನೆ. ಈ ಬಗೆಯ ಯಂತ್ರಗಳು ಪರಸ್ಪರ ಮಾತನಾಡಲು 1993ರಲ್ಲಿ ಒಂದು ಅಂತರರಾಷ್ಟ್ರೀಯ ಮಾನದಂಡ, 2000ದಲ್ಲಿ ಇನ್ನೊಂದು ಬಂದವು. ಆ ವಿವರಗಳಿಗೆ ಹೋದರೆ ನೀವು ನಿದ್ದೆ ಮಾಡುತ್ತೀರಿ.

ಮದ್ದಳೆಯ ಮಾತು ಬಂತಲ್ಲ. 2020ರ ಲಾಕ್‌ಡೌನಿನಲ್ಲಿ ನಾವು ಕೆಲವರು ಆನ್‌ಲೈನ್ ತಾಳಮದ್ದಳೆ ಮಾಡಿದೆವು. ಭಾಗವತರು ಕೋಟದಲ್ಲಿ, ಮದ್ದಳೆ ಪುತ್ತೂರಿನಲ್ಲಿ, ಕೃಷ್ಣ ಬೆಂಗಳೂರಿನಲ್ಲಿ, ಕೌರವ ಮುಂಬಯಿಯಲ್ಲಿ. ಸಂಧಾನದ ಪ್ರಸಂಗ. ಪದ್ಯ ಶುರುವಾದ ಹತ್ತು ಸೆಕೆಂಡಿನಲ್ಲಿ ಎಲ್ಲ ಕೆಟ್ಟಿತು. ಮದ್ದಳೆಯ ಪೆಟ್ಟು ತಾಳದ ಹಿಂದೆ ಹಿಂದೆಯೇ ಬರುತ್ತಿತ್ತು. ಅದನ್ನು ಕೇಳಿ ಭಾಗವತರು ನಿಧಾನ ಮಾಡಿದರು, ಭಾಗವತರನ್ನು ಕೇಳಿ ಮದ್ದಳೆಗಾರ ಇನ್ನೂ ನಿಧಾನ ಮಾಡಿದ. ಕೊನೆಗೆ ಪದ್ಯ ನಿಂತೇಹೋಯಿತು. ಆದರೆ ಅರ್ಥಗಾರಿಕೆ ಶುರುವಾದಾಗ ನೋಡಬೇಕಿತ್ತು! ಕೃಷ್ಣ ಕೌರವರು ಎರಡು ಗಂಟೆ ವಾದಿಸಿದರು. ಎದುರೆದುರು ಕುಳಿತಾಗ ಸಿಗದಷ್ಟು ಹರಿತವಾಗಿತ್ತು ಮಾತು, ಏಕೆಂದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವಂತಿರಲಿಲ್ಲ. ಪೂರ್ತಿ ಕೇಳಿಸಿಕೊಳ್ಳಲೇಬೇಕಿತ್ತು.

ಸೇನಾ ತರಬೇತಿಯಲ್ಲಿ ಯಾವುದನ್ನು ಜಾಲಕ್ಕೆ ಹಾಕಬಹುದು, ಯಾವುದನ್ನು ಹಾಕಬಾರದು ಎಂಬ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರ ಇಷ್ಟೇ: ಅರ್ಥ ಹೋಗುತ್ತದೆ, ತಾಳ ಹೋಗುವುದಿಲ್ಲ. ಯೋಜನೆ ಹಾಕುವುದು, ಆದೇಶ ಬರೆಯುವುದು, ವರದಿ ಕೊಡುವುದು, ಸಂಧಾನ ನಡೆಸುವುದು, ಕಾನೂನಿನ ತೊಡಕು ಬಿಡಿಸುವುದು, ಇವೆಲ್ಲ ಒಬ್ಬರಾದ ಮೇಲೆ ಒಬ್ಬರು ಮಾಡುವ ಕೆಲಸ. ಇವು ಜಾಲದಲ್ಲಿ ಚೆನ್ನಾಗಿಯೇ ಆಗುತ್ತವೆ. ಗಾಯಾಳುವನ್ನು ನಾಲ್ವರು ಒಂದೇ ಸಲಕ್ಕೆ ಎತ್ತುವುದು, ಅಲೆಯಲ್ಲಿ ಎರಡು ದೋಣಿಗಳನ್ನು ಪಕ್ಕಕ್ಕೆ ತರುವುದು, ಇವು ತಾಳದ ಕೆಲಸ. ನೆಲ, ನೀರು, ಬೆವರು ಬೇಕು. ಕಾಡಿನ ಶಿಬಿರಗಳಿಗೆ ಉಪಗ್ರಹದ ಮೂಲಕವೇ ಸಂಪರ್ಕ. ಭೂಸ್ಥಿರ ಉಪಗ್ರಹ ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿದೆ. ಮಾತು ಹತ್ತಿ ಇಳಿಯಲು ಸುಮಾರು ಕಾಲು ಸೆಕೆಂಡು ಬೇಕು, ಮರುಮಾತು ಬರಲು ಇನ್ನೊಂದು ಕಾಲು. ಎಷ್ಟು ಹಣ ಸುರಿದರೂ ಬೆಳಕು ಅದಕ್ಕಿಂತ ಬೇಗ ಓಡುವುದಿಲ್ಲ.

ಒಬ್ಬರೇ ಕುಳಿತು ಮಾಡುವ ಆನ್‌ಲೈನ್ ಕೋರ್ಸುಗಳ ಬಗ್ಗೆ ಎರಡು ಮಾತು. ಅಮೆರಿಕದ ರಕ್ಷಣಾ ಇಲಾಖೆ 1997ರಲ್ಲಿ ಇದಕ್ಕೊಂದು ಯೋಜನೆ ಹಾಕಿತು. ಅದರಿಂದ 2000ದಲ್ಲಿ ಸ್ಕಾರ್ಮ್ ಎಂಬ ಮಾದರಿ ಬಂತು. ಒಂದು ಕಡೆ ತಯಾರಿಸಿದ ಪಾಠ ಎಲ್ಲ ಕಡೆಯೂ ಓಡಬೇಕು, ಯಾರು ಮುಗಿಸಿದರು ಎಂಬ ಲೆಕ್ಕ ಸಿಗಬೇಕು ಎಂಬುದು ಅದರ ಉದ್ದೇಶ. ನಿಮ್ಮ ಮಕ್ಕಳು ಕಂಪನಿಗೆ ಸೇರಿದ ಮೊದಲ ವಾರ ಕಣ್ಣು ಮುಚ್ಚಿಕೊಂಡು ‘ಮುಂದೆ, ಮುಂದೆ’ ಎಂದು ಒತ್ತುವ ಕೋರ್ಸುಗಳ ಹಿಂದೆ ಇರುವುದು ಬಹುತೇಕ ಅದೇ. ನಿಯಮ, ಚಿಹ್ನೆ, ಶಬ್ದಾರ್ಥ ಇಂಥವನ್ನು ಕಲಿಯಲು ಅದು ಸಾಕು. ಉಳಿದಂತೆ ನನಗೆ ಅದರಲ್ಲಿ ನಂಬಿಕೆ ಕಡಿಮೆ. ಒಂದು ತುಕಡಿಯಲ್ಲಿ ಗುಮಾಸ್ತನೊಬ್ಬ ನಲವತ್ತು ಮಂದಿಯ ಪರವಾಗಿ ಒಂದೇ ಮಧ್ಯಾಹ್ನ ಕೋರ್ಸು ಮುಗಿಸಿ ನಲವತ್ತು ಪ್ರಮಾಣಪತ್ರ ಅಚ್ಚು ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಗುಮಾಸ್ತನಿಗೆ ಮಾತ್ರ ವಿಷಯ ಚೆನ್ನಾಗಿ ಬರುತ್ತಿತ್ತು.

ಒಟ್ಟಿಗೆ ಮಾಡುವ ತರಬೇತಿಗೆ ಈಗಿನ ದೊಡ್ಡ ಉದಾಹರಣೆ ಲಾಕ್ಡ್ ಶೀಲ್ಡ್ಸ್. ಎಸ್ಟೋನಿಯಾದ ಟಾಲಿನ್‌ನಲ್ಲಿರುವ ನೇಟೋ ಸೈಬರ್ ರಕ್ಷಣಾ ಕೇಂದ್ರ 2010ರಿಂದ ನಡೆಸುತ್ತಿದೆ. ಅಲ್ಲಿಯೂ ಬೆರಿಲಿಯಾ ಎಂಬ ಇಲ್ಲದ ದ್ವೀಪ, ಕ್ರಿಮ್ಸೋನಿಯಾ ಎಂಬ ಇಲ್ಲದ ಶತ್ರು. 2022ರಲ್ಲಿ 32 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ತಮ್ಮ ತಮ್ಮ ದೇಶದಿಂದಲೇ ಪಾಲ್ಗೊಂಡರು. ದಾಳಿ ತಡೆಯುವುದಷ್ಟೇ ಅವರ ಪರೀಕ್ಷೆಯಲ್ಲ. ನಡುವೆ ಪತ್ರಕರ್ತರು ಪ್ರಶ್ನೆ ಕೇಳುತ್ತಾರೆ, ವಕೀಲರು ಕಾನೂನು ಕೇಳುತ್ತಾರೆ, ಮಂತ್ರಿಗಳು ಸಿಟ್ಟಾಗುತ್ತಾರೆ. ಇದು ಪೂರ್ತಿ ಅರ್ಥಗಾರಿಕೆ, ತಾಳದ ಹಂಗಿಲ್ಲ, ಅದಕ್ಕೇ ನಡೆಯುತ್ತದೆ. ಇದಕ್ಕೆ ತದ್ವಿರುದ್ಧ, ನಮ್ಮ ನೌಕಾಪಡೆ 2020ರಲ್ಲಿ ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳೊಂದಿಗೆ ನಡೆಸಿದ ಮಲಬಾರ್ ಅಭ್ಯಾಸ. ಕೊರೊನಾ ಕಾರಣ ಒಬ್ಬರ ಹಡಗಿಗೆ ಇನ್ನೊಬ್ಬರು ಕಾಲಿಡದೆ ಸಮುದ್ರದಲ್ಲೇ ಮಾಡಿ ಮುಗಿಸಿದರು. ಹಡಗುಗಳ ತಾಳ ಕೂಡಿತು, ಆದರೆ ಒಟ್ಟಿಗೆ ಕುಳಿತು ಚಹಾ ಕುಡಿಯುವುದು ತಪ್ಪಿತು. ಚಹಾ ಕುಡಿಯುವುದು ತರಬೇತಿಯ ಹೊರಗಿನ ಸಂಗತಿ ಎಂದು ನನಗೆ ಅನ್ನಿಸುವುದಿಲ್ಲ. ಗುರುಗ್ರಾಮದಲ್ಲಿ 2018ರ ಡಿಸೆಂಬರಿನಲ್ಲಿ ಹಿಂದೂ ಮಹಾಸಾಗರದ ಹಡಗುಗಳ ಮಾಹಿತಿ ಹಂಚಿಕೊಳ್ಳುವ ಕೇಂದ್ರ ಶುರುವಾಯಿತು. ಮಾಹಿತಿ ಬರುವುದು ಕಂಪ್ಯೂಟರಿನಲ್ಲಿ, ಆದರೂ ಬೇರೆ ಬೇರೆ ದೇಶಗಳು ಅಲ್ಲಿಗೆ ತಮ್ಮ ಅಧಿಕಾರಿಯನ್ನು ಕಳುಹಿಸಿ ಕೂರಿಸಿವೆ. ಕೋರಿ ಕಥೆಗೆ ಐದು ನಿಮಿಷ ಕೊಟ್ಟದ್ದು ವ್ಯರ್ಥವಲ್ಲ ಎಂದೆನಲ್ಲ, ಅದೇ ಕಾರಣ. ಆ ಬಾಂಗ್ಲಾದೇಶದ ಮೇಜರ್ ಆಮೇಲೆ ಯಾವ ಸಂದೇಹ ಬಂದರೂ ಮೊದಲು ನನ್ನನ್ನೇ ಕೇಳುತ್ತಿದ್ದರು.

ಕೇಳುವುದು ಎಂದೆ. ಈ ವಿದ್ಯೆಯ ಗಂಟು ಇರುವುದೇ ಅಲ್ಲಿ. ಕರಾನಾದ ಇನ್ನೊಂದು ದಿನ. ಹಳ್ಳಿಯ ಮುಖ್ಯಸ್ಥನ ಪಾತ್ರ ಮಾಡುತ್ತಿದ್ದ ತಾಂಜಾನಿಯಾದ ಅಧಿಕಾರಿ ಸ್ವಾಹಿಲಿಯಲ್ಲಿ, ನಾಳೆ ಬೆಳಿಗ್ಗೆ ‘ಸಾ ನ್ನೆ’ಗೆ ಬನ್ನಿ ಎಂದರು. ‘ನ್ನೆ’ ಎಂದರೆ ನಾಲ್ಕು. ಗುಂಪು ಬೆಳಗಿನ ಜಾವ ನಾಲ್ಕಕ್ಕೆ ಗಸ್ತು ಹೊರಡಿಸಿತು. ಕತ್ತಲೆಯಲ್ಲಿ ಹಳ್ಳಿಗೆ ನುಗ್ಗಿದ ಪಡೆ ನೋಡಿ ಜನ ಹೆದರಿ ಓಡಿದರು ಎಂದು ತರಬೇತಿ ನಡೆಸುವವರು ಬರೆದರು. ಸ್ವಾಹಿಲಿ ಲೆಕ್ಕದಲ್ಲಿ ದಿನದ ಗಂಟೆ ಶುರುವಾಗುವುದು ಬೆಳಿಗ್ಗೆ ಆರರಿಂದ. ಅವರ ನಾಲ್ಕು ನಮ್ಮ ಹತ್ತು. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗವನ್ನು ಮನೆಯ ಗೋಡೆಗೆ ತೂಗುಹಾಕಿರುವ ನಾನಾದರೂ ಇದನ್ನು ಊಹಿಸಬೇಕಿತ್ತು. ಊಹಿಸಲಿಲ್ಲ. ನಮ್ಮ ದೇಶದ ಸಮಯವೂ ಹೊರಗಿನವರಿಗೆ ತಲೆನೋವೇ. ಸೇನೆಗಳು ಪ್ರತಿ ಒಂದು ಗಂಟೆಯ ವಲಯಕ್ಕೆ ಒಂದೊಂದು ಅಕ್ಷರ ಇಟ್ಟಿವೆ, ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ನಮ್ಮ ಸಮಯಕ್ಕೆ ಸ್ವಂತದ ಅಕ್ಷರವಿಲ್ಲ. ನೇಪಾಳದವರ ಐದೂಮುಕ್ಕಾಲಿನ ಗತಿ ಕೇಳಲೇಬೇಡಿ.

ಆ ಗುಂಪಿನಲ್ಲಿ ಇಬ್ಬರಿಗೆ ಸಂಶಯ ಬಂದಿತ್ತು ಎಂದು ಆಮೇಲೆ ತಿಳಿಯಿತು. ಇಬ್ಬರೂ ದಕ್ಷಿಣ ಏಷ್ಯಾದವರು, ಇಬ್ಬರೂ ಗುಂಪಿನ ಕಿರಿಯರು. ಯಾಕೆ ಕೇಳಲಿಲ್ಲ ಎಂದೆ. ‘ಸರ್ ಹೇಳಿದ ಮೇಲೆ...’ ಎಂದು ಒಬ್ಬ ತಲೆ ಕೆರೆದುಕೊಂಡ. ಮುಂದಿನ ತಂಡದಲ್ಲಿ ನಾವು ಪರದೆಯ ಮೇಲೆ ಹೆಸರು, ಹುದ್ದೆ, ದೇಶ ಎಲ್ಲವನ್ನೂ ಮರೆಮಾಡಿ ಬರೀ ಸಂಖ್ಯೆ ಕೊಟ್ಟೆವು. ಪ್ರಶ್ನೆಗಳ ಸುರಿಮಳೆಯಾಯಿತು. ‘ಅರ್ಥವಾಗಲಿಲ್ಲ’ ಎಂಬ ಮಾತನ್ನು ಆ ಒಂದು ವಾರದಲ್ಲಿ ಓದಿದಷ್ಟು ಸಲ ನಾನು ಸೇವೆಯ ಹದಿನಾಲ್ಕು ವರ್ಷಗಳಲ್ಲಿ ಕೇಳಿರಲಿಲ್ಲ. ಆದರೆ ಗೆದ್ದೆವು ಎಂದು ಹೇಳಲಾರೆ. ಗೋಮಾದಲ್ಲಿ ಯಾರೂ ಸಂಖ್ಯೆಯಾಗಿ ಇರುವುದಿಲ್ಲ, ಹೆಗಲ ಮೇಲೆ ಪಟ್ಟಿ ಇರುತ್ತದೆ. ಮರೆಯಲ್ಲಿ ಕಲಿತ ಧೈರ್ಯ ಬೆಳಕಿನಲ್ಲಿ ಎಷ್ಟು ಉಳಿಯುತ್ತದೆ ಎಂಬ ಅನುಮಾನ ನನಗೆ ಈಗಲೂ ಇದೆ.

ಇಷ್ಟಾದ ಮೇಲೆ ಪ್ರಶ್ನೆಗಳು ಬಂದವು. ಮೂರನ್ನು ಇಲ್ಲಿ ಬರೆಯುತ್ತೇನೆ.

ಕಾಲೇಜು ಹುಡುಗನೊಬ್ಬ, ಮೊಬೈಲಿನಲ್ಲಿ ತಾನು ಆಡುವ ಯುದ್ಧದ ಆಟಗಳೂ ತರಬೇತಿಯೇ ಅಲ್ಲವೇ ಎಂದು ಕೇಳಿದ. ಸಂಬಂಧ ಇದೆ. ಚೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಎಂಬ ಕಂಪನಿ 2001ರಲ್ಲಿ ತಂದ ಕಂಪ್ಯೂಟರ್ ಆಟದ ತಂತ್ರದಿಂದಲೇ ಹಲವು ಸೇನೆಗಳು ಬಳಸುವ ತರಬೇತಿ ತಂತ್ರಾಂಶ ಬೆಳೆಯಿತು. ಆದರೆ ನಿನ್ನ ಆಟದಲ್ಲಿ ಸತ್ತರೆ ಮತ್ತೆ ಶುರು, ಇಲ್ಲಿ ಸತ್ತರೆ ಕುಳಿತು ವರದಿ ಬರೆಯಬೇಕು ಎಂದೆ. ಅವನಿಗೆ ಆಸಕ್ತಿ ಹೋಯಿತು.

ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರು ಎದ್ದುನಿಂತು, ‘ಶಾಂತಿಗೆಂದು ಹೋಗುವವರಿಗೆ ಸೈನ್ಯದ ತರಬೇತಿ ಯಾಕಮ್ಮ? ಸಂಧಾನ ಮಾಡುವವರಿಗೆ ಬಂದೂಕು ಯಾಕೆ?’ ಎಂದರು. ಮೇಷ್ಟ್ರೇ, ನಮ್ಮ ಪಕ್ಕದ ಕೊಡಗಿನ ಜನರಲ್ ತಿಮ್ಮಯ್ಯನವರನ್ನು ನೆನಪಿಸಿಕೊಳ್ಳಿ ಎಂದೆ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಅವರ ಆಯೋಗದ ಮೇಲೆ ಬಿತ್ತು. ಆಯೋಗದಲ್ಲಿ ಭಾರತದ ಜೊತೆ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯ. ಎರಡು ಒಂದು ಬಣದ ಕಡೆ ವಾಲಿದವು, ಎರಡು ಇನ್ನೊಂದರ ಕಡೆ, ನಡುವೆ ತಿಮ್ಮಯ್ಯ. ಕೈದಿಗಳು ಕೊರಿಯನ್, ಚೀನೀ ಮಾತನಾಡುವವರು, ಕಾವಲಿನವರು ಭಾರತದ ಸಿಪಾಯಿಗಳು. ಆಮೇಲೆ 1964ರಲ್ಲಿ ಅವರು ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾದರು, 1965ರ ಡಿಸೆಂಬರ್ 18ರಂದು ಅಲ್ಲಿಯೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಬಂದೂಕು ಇರುವವನೇ ಅದನ್ನು ಎತ್ತದೆ ಮಾತನಾಡುತ್ತಾನೆ ಎಂಬುದರಲ್ಲಿ ಒಂದು ತೂಕವಿದೆ. ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಕೊನೆಯ ಪ್ರಶ್ನೆ ಮಲ್ಪೆಯ ಬೋಟು ಮಾಲೀಕರೊಬ್ಬರದು. ‘ಅಕ್ಕ, ನನ್ನ ಬೋಟು ನಡೆಸುವ ತಂಡೇಲ ನಮ್ಮವನು, ತುಳು. ಇಬ್ಬರು ಉತ್ತರ ಕನ್ನಡದವರು, ಕೊಂಕಣಿ. ಉಳಿದವರು ಒಡಿಶಾ, ಆಂಧ್ರ. ವೈರ್‌ಲೆಸ್ಸಿನಲ್ಲಿ ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ತಿಳಿಯುವುದಿಲ್ಲ. ನಿಮ್ಮ ಬಹುರಾಷ್ಟ್ರ ನನ್ನ ಬೋಟಿನಲ್ಲೇ ಇದೆಯಲ್ಲ?’ ಸಭೆ ಚಪ್ಪಾಳೆ ತಟ್ಟಿತು. ಆ ಸಂಜೆಯ ಅತ್ಯುತ್ತಮ ಮಾತು ಅದು, ನನ್ನದಲ್ಲ.

ಅವರಿಗೆ 2025ರ ಜೂನ್ 9ನ್ನು ನೆನಪಿಸಿದೆ. ಕೇರಳದ ಕರಾವಳಿಯಾಚೆ ವಾನ್ ಹೈ 503 ಎಂಬ ಸಿಂಗಾಪುರ ಧ್ವಜದ ಹಡಗಿಗೆ ಬೆಂಕಿ ಬಿತ್ತು. ಹಡಗಿನಲ್ಲಿ ಚೀನಾ, ತೈವಾನ್, ಮ್ಯಾನ್ಮಾರ್, ಇಂಡೋನೇಷ್ಯಾದ 22 ಮಂದಿ. ಬದುಕಿ ಸಿಕ್ಕಿದ 18 ಮಂದಿಯನ್ನು ಐಎನ್ಎಸ್ ಸೂರತ್ ಕರೆತಂದದ್ದು ನಮ್ಮ ಪಣಂಬೂರಿಗೇ. ಹಡಗುಗಳಿಗೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಸಿದ್ಧ ವಾಕ್ಯಗಳ ಒಂದು ಮಾಲೆಯನ್ನೇ ಅಂಗೀಕರಿಸಿದೆ. ಬೆಂಕಿ, ನೀರು ನುಗ್ಗಿದೆ, ಮನುಷ್ಯ ಸಮುದ್ರಕ್ಕೆ ಬಿದ್ದಿದ್ದಾನೆ, ಇಂಥದಕ್ಕೆಲ್ಲ ಸಿದ್ಧ ವಾಕ್ಯಗಳಿವೆ, ಆದಷ್ಟೂ ಅವನ್ನೇ ಬಳಸಬೇಕು ಎಂಬುದು ಅದರ ಉದ್ದೇಶ. ನಿಮ್ಮ ಬೋಟಿಗೆ ಅಷ್ಟೆಲ್ಲ ಬೇಡ, ಹತ್ತು ವಾಕ್ಯ ಸಾಕು, ತುಳುವೋ ಹಿಂದಿಯೋ ನೀವೇ ಗೊತ್ತುಮಾಡಿಕೊಳ್ಳಿ. ಒಬ್ಬ ಹೇಳಬೇಕು, ಇನ್ನೊಬ್ಬ ಅದನ್ನೇ ತಿರುಗಿ ಒಪ್ಪಿಸಬೇಕು. ತಟರಕ್ಷಣಾ ಪಡೆಯ 1554 ಎಂಬ ಸಂಖ್ಯೆ ಎಲ್ಲರ ಬಾಯಲ್ಲಿ ಇರಬೇಕು. ಹುಡುಗರು ಊರಿಗೆ ಹೋಗಿದ್ದರೆ ಫೋನಿನಲ್ಲೇ ಗುಂಪು ಮಾಡಿ ಅಭ್ಯಾಸ ಶುರುಮಾಡಬಹುದು ಎಂದೆ. ಟ್ರಾಲಿಂಗ್ ನಿಷೇಧದ ಎರಡು ತಿಂಗಳು ಇನ್ನೂ ಮುಗಿದಿರಲಿಲ್ಲ, ಬೋಟುಗಳೆಲ್ಲ ಧಕ್ಕೆಯಲ್ಲೇ ಇದ್ದವು.

‘ಆಯಿತು ಅಕ್ಕ’ ಎಂದರು.

‘ಯಾವ ಆಯಿತು?’ ಎಂದೆ.

ಅವರು ಜೋರಾಗಿ ನಕ್ಕು, ‘ಮಾಡುತ್ತೇನೆ ಎಂಬ ಆಯಿತು. ಮಾಡಿದ ಮೇಲೆ ಫೋನ್ ಮಾಡುತ್ತೇನೆ’ ಎಂದರು.

ಫೋನ್ ಬಂದದ್ದು ಆಗಸ್ಟಿನಲ್ಲಿ, ಬೋಟು ಕಡಲಿಗೆ ಇಳಿಯುವ ಹಿಂದಿನ ದಿನ. ಎಂಟು ಮಂದಿಯಲ್ಲಿ ಐವರು ವಾಕ್ಯ ಒಪ್ಪಿಸಿದರಂತೆ. ಇಬ್ಬರು ಬಲೆ ಹೊಲಿಯುತ್ತಿದ್ದರು, ಬರಲಿಲ್ಲವಂತೆ. ಉಳಿದ ಒಬ್ಬ, ಒಡಿಶಾದ ಹೊಸ ಹುಡುಗ, ಎಲ್ಲದಕ್ಕೂ ತಲೆ ಅಲ್ಲಾಡಿಸಿದನಂತೆ. ಹೌದು ಎಂದೋ ಇಲ್ಲ ಎಂದೋ ತಂಡೇಲನಿಗೆ ತಿಳಿಯಲಿಲ್ಲವಂತೆ.